ವಿಮಾನನಿಷ್ಠೆಯೂ ವಾರಶೂಲೆಯೂ

ಮಸ್ಕತ್ತಿನಲ್ಲಿ ಕಳೆದ ಒಂಬತ್ತು ವರ್ಷಗಳಲ್ಲಿ ನನಗೆ ಯಾವ ವಿಮಾನಸಂಸ್ಥೆಯ ಮೇಲೂ ವಿಶೇಷ ಭಕ್ತಿ ಹುಟ್ಟಿರಲಿಲ್ಲ. ಮದೀನತ್ ಸುಲ್ತಾನ್ ಖಾಬೂಸಿನ ನಮ್ಮ ಬಾಡಿಗೆ ಮನೆಯಿಂದ ವಿಮಾನ ನಿಲ್ದಾಣಕ್ಕೆ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಬೊಂಬಾಯಿಯ ಕಡೆಗೆ ಹೆಚ್ಚುಕಡಿಮೆ ದಿನವೂ ಯಾವುದಾದರೊಂದು ವಿಮಾನವಿರುತ್ತಿತ್ತು. ನಾನು ಪಂಚಾಂಗ ತೆಗೆದು ಮೊದಲು ದಿನವನ್ನು ಆರಿಸುತ್ತಿದ್ದೆ. ಆ ದಿನ ಯಾವುದು ಹಾರುವುದೋ ಅದರಲ್ಲಿ ಹೋಗಿ ಕೂರುತ್ತಿದ್ದೆ. ವಿಮಾನವು ನನ್ನ ದಿನಕ್ಕೆ ಹೊಂದಿಕೊಳ್ಳಬೇಕಲ್ಲದೆ ನಾನು ವಿಮಾನಕ್ಕೆ ಹೊಂದಿಕೊಳ್ಳಬೇಕೆಂಬ ಯೋಚನೆ ಆಗ ಬಂದದ್ದೇ ಇಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಒಮಾನಿನ ದಕ್ಷಿಣ ತುದಿಯ ಸಲಾಲಾಕ್ಕೆ ವರ್ಗವಾಯಿತು. ಭಾರತೀಯ ಮಕ್ಕಳ ಶಾಲೆಯಲ್ಲಿ ಸಂಸ್ಕೃತವನ್ನೂ ಹಿಂದಿಯನ್ನೂ ಕಲಿಸುವುದು ನನ್ನ ವೃತ್ತಿ. ನಾನು ಸಂಸ್ಕೃತದಲ್ಲಿ ಕೇಳಿದ್ದಕ್ಕೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವುದು ಮಸ್ಕತ್ತಿನಲ್ಲಿ ಹೇಗೋ ಸಲಾಲಾದಲ್ಲಿಯೂ ಹಾಗೆಯೇ ಇದ್ದುದರಿಂದ ವೃತ್ತಿಯ ಮಟ್ಟಿಗೆ ಊರು ಬದಲಾದದ್ದು ತಿಳಿಯಲಿಲ್ಲ. ಮನೆಯ ಎದುರಿಗೆ ತೆಂಗಿನ ತೋಟ, ರಸ್ತೆ ಬದಿಯಲ್ಲಿ ಬಾಳೆಹಣ್ಣಿನ ಅಂಗಡಿ, ದಕ್ಷಿಣಕ್ಕೆ ಸಮುದ್ರ. ನನ್ನ ಪತ್ನಿ ಒಂದು ವಾರದೊಳಗೆ ಇದು ಮಸ್ಕತ್ತಿಗಿಂತ ಮೇಲು ಎಂದು ತೀರ್ಪು ಕೊಟ್ಟಳು. ನನಗೆ ಮಾತ್ರ ಒಂದು ಚಿಂತೆ ಹತ್ತಿಕೊಂಡಿತು.

ನಾನು ನನ್ನ ತಂದೆಗೆ ಒಬ್ಬನೇ ಮಗ. ಪ್ರತಿವರ್ಷ ಮಾಘ ಬಹುಳ ನವಮಿಯಂದು ಅವರ ಶ್ರಾದ್ಧ. ಉಡುಪಿಯ ಸಮೀಪ ನನ್ನ ಅಕ್ಕನ ಮನೆಯಲ್ಲಿದ್ದ ತಾಯಿಯವರು, ಆ ದಿನ ನಾನು ಪಿಂಡವಿಟ್ಟು ಎದ್ದ ಮೇಲಲ್ಲದೆ ನೀರನ್ನೂ ಮುಟ್ಟುತ್ತಿರಲಿಲ್ಲ. ಪರದೇಶಕ್ಕೆ ಬಂದ ಮೇಲೆಯೂ ಒಂದು ವರ್ಷವೂ ನಾನು ಅದನ್ನು ತಪ್ಪಿಸಿರಲಿಲ್ಲ. ತಿಥಿಯು ನಮ್ಮ ಶಾಲೆಯ ರಜೆಯನ್ನಾಗಲಿ ವಿಮಾನದ ವೇಳಾಪಟ್ಟಿಯನ್ನಾಗಲಿ ಕೇಳಿ ಬರುವಂಥದಲ್ಲ. ಪ್ರಾಂಶುಪಾಲರು ವರ್ಷಕ್ಕೊಮ್ಮೆ ಆರು ದಿನದ ರಜೆ ಕೊಡುತ್ತಿದ್ದರು. ಏಳನೆಯದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಸಲಾಲಾದಿಂದ ಹೊರಡಲು ಆಗ ನನ್ನಂಥವನಿಗೆ ಎರಡೇ ದಾರಿ. ಒಂದು ಸಂಸ್ಥೆಯದು ಮಸ್ಕತ್ತಿಗೆ ಹೋಗಿ ಅಲ್ಲಿಂದ ನೇರ ಬೊಂಬಾಯಿಗೆ. ಇನ್ನೊಂದು ಸಂಸ್ಥೆಯದು ವಾಯವ್ಯಕ್ಕೆ, ಕೊಲ್ಲಿಯ ಬೇರೊಂದು ಪಟ್ಟಣಕ್ಕೆ ಹೋಗಿ, ಅಲ್ಲಿ ನಾಲ್ಕು ತಾಸು ಕೂರಿಸಿ, ಆಮೇಲೆ ಬೊಂಬಾಯಿಗೆ. ನಮ್ಮವರು ಇವರನ್ನು ‘ನೇರದವರು’, ‘ಸುತ್ತಿನವರು’ ಎಂದು ಕರೆಯುತ್ತಿದ್ದರು.

ಸುತ್ತಿನವರ ಕಚೇರಿಯಲ್ಲಿ ಟಿಕೆಟು ಬರೆಯುತ್ತಿದ್ದವನು ಉಡುಪಿ ಕಡೆಯ ಕೊಂಕಣಿ ಕ್ರೈಸ್ತ ತರುಣ. ನಾನು ಸಲಾಲಾಕ್ಕೆ ಬಂದ ಹತ್ತನೆಯ ದಿನವೇ ಅವನು ಮನೆಗೆ ಬಂದು ಪರಿಚಯ ಹೇಳಿಕೊಂಡ.

“ಮಾಸ್ಟ್ರೆ, ಇದು ಮಸ್ಕತ್ ಅಲ್ಲ, ಸಣ್ಣ ಊರು. ಸೀಟು ಇರುವುದು ನಾಲ್ಕು, ಹೋಗುವವರು ನಲವತ್ತು. ಇವತ್ತು ಅವರಲ್ಲಿ ನಾಳೆ ಇವರಲ್ಲಿ ಅಂತ ಹೋದರೆ ಇಬ್ಬರ ವೇಟಿಂಗ್ ಲಿಸ್ಟಿನಲ್ಲೂ ನೀವು ಕೊನೆಗೆ. ಯಾರಾದರೂ ಒಬ್ಬರನ್ನು ಹಿಡಿದುಕೊಳ್ಳಿ. ನಮ್ಮನ್ನು ಹಿಡಿದರೆ ನಿಮ್ಮ ಸೀಟು ಹಂಡ್ರೆಡ್ ಪರ್ಸೆಂಟ್ ಗ್ಯಾರಂಟಿ.”

ಏಕನಿಷ್ಠೆಯ ಮಹಿಮೆಯನ್ನು ಬಾಲ್ಯದಿಂದ ಕೇಳಿ ಬೆಳೆದ ನನಗೆ ಅವನ ಮಾತಿನ ಮೊದಲ ಭಾಗ ಶಾಸ್ತ್ರಸಮ್ಮತವಾಗಿಯೇ ಕಂಡಿತು. ಎರಡನೆಯ ಭಾಗ ಕಿವಿಗೆ ಚುಚ್ಚಿತು. ಮನುಷ್ಯನಾದವನು ನಾಳೆಯ ವಿಷಯಕ್ಕೆ ನೂರಕ್ಕೆ ನೂರು ಜಾಮೀನು ನಿಲ್ಲುವುದೆಂದರೇನು?

ಮರುವಾರ ನೇರದವರ ಕಚೇರಿಗೆ ಹೋದೆ. ಅಲ್ಲಿದ್ದವರು ಒಮಾನಿ ಹಿರಿಯರು. ದಿಶ್ದಾಶವೆಂಬ ಬಿಳಿಯ ನಿಲುವಂಗಿಯಲ್ಲಿ ನಮ್ಮ ಮಠದ ಪಾರುಪತ್ಯಗಾರರಷ್ಟೇ ಗಂಭೀರವಾಗಿ ಕುಳಿತಿದ್ದರು. ಖರ್ಜೂರ ಕೊಟ್ಟು, ಪುಟ್ಟ ಬಟ್ಟಲಿಗೆ ಅವರ ಕಾಫಿಯಾದ ಕಹ್ವಾ ಸುರಿದರು. ನಾನು ಶನಿವಾರದ ವಿಮಾನ ಖಂಡಿತವಾಗಿ ಹೊರಡುವುದೇ ಎಂದು ಹಿಂದಿಯಲ್ಲಿ ಕೇಳಿದೆ. ಅವರು ಕಣ್ಣನ್ನು ಅರೆಮುಚ್ಚಿ, “ಇನ್‌ಶಾ ಅಲ್ಲಾ” ಎಂದರು. ಸೀಟು ಸಿಗುವುದೇ? “ಇನ್‌ಶಾ ಅಲ್ಲಾ.” ಬೊಂಬಾಯಿಗೆ ಹೊತ್ತಿಗೆ ಸರಿಯಾಗಿ ತಲುಪುವುದೇ? ಅವರು ಅಂಗೈಯನ್ನು ಮೇಲಕ್ಕೆ ತೋರಿಸಿದರು. ಭಗವಂತನ ಸಂಕಲ್ಪವಿಲ್ಲದೆ ಹುಲ್ಲುಕಡ್ಡಿಯೂ ಅಲುಗದೆಂದು ಗುರುಮುಖದಿಂದ ಹನ್ನೆರಡು ವರ್ಷ ಪಾಠ ಕೇಳಿದವನು ನಾನು. ಸಿದ್ಧಾಂತ ಇಷ್ಟು ಶುದ್ಧವಾಗಿರುವ ವಿಮಾನಸಂಸ್ಥೆಯನ್ನು ನಾನು ಹಿಂದೆ ನೋಡಿರಲಿಲ್ಲ. ಇನ್ನು ಮುಂದೆ ನಿಮ್ಮಲ್ಲಿಯೇ, ಬೇರೆಯವರ ಹೊಸ್ತಿಲು ತುಳಿಯುವುದಿಲ್ಲ ಎಂದು ಅಲ್ಲಿಯೇ ಮಾತುಕೊಟ್ಟು ಮಾಘ ಮಾಸದ ಟಿಕೆಟು ಬರೆಸಿಕೊಂಡು ಬಂದೆ.

ಮನೆಗೆ ಬಂದು ಪಂಚಾಂಗ ಬಿಡಿಸಿದಾಗ ನನ್ನ ಆತುರ ತಿಳಿಯಿತು. ವಾರಶೂಲೆಯನ್ನು ನಾನು ನೋಡಿರಲೇ ಇಲ್ಲ. ಒಂದೊಂದು ವಾರಕ್ಕೆ ಒಂದೊಂದು ದಿಕ್ಕಿನ ಪ್ರಯಾಣ ನಿಷಿದ್ಧ: ಸೋಮವಾರ ಶನಿವಾರ ಪೂರ್ವಕ್ಕೆ ಹೋಗಬಾರದು, ಶುಕ್ರವಾರ ಭಾನುವಾರ ಪಶ್ಚಿಮಕ್ಕೆ, ಮಂಗಳವಾರ ಬುಧವಾರ ಉತ್ತರಕ್ಕೆ, ಗುರುವಾರ ದಕ್ಷಿಣಕ್ಕೆ. ಭಾರತವಿರುವುದು ಪೂರ್ವಕ್ಕೆ. ನೇರದವರು ಹಾರುತ್ತಿದ್ದದ್ದು ಶನಿವಾರ ಮತ್ತು ಸೋಮವಾರ. ಸುತ್ತಿನವರಾದರೋ ಬುಧವಾರ ಮತ್ತು ಭಾನುವಾರ. ಅವರು ಮೊದಲು ಹೋಗುವುದು ವಾಯವ್ಯಕ್ಕಾದುದರಿಂದ ಬುಧವಾರ ಉತ್ತರದ ದೋಷ, ಭಾನುವಾರ ಪಶ್ಚಿಮದ ದೋಷ. ಎರಡೂ ಸಂಸ್ಥೆಗಳು ಸೇರಿ ಶಾಸ್ತ್ರವನ್ನು ಇಷ್ಟು ಶ್ರದ್ಧೆಯಿಂದ ಉಲ್ಲಂಘಿಸಿದ್ದನ್ನು ಕಂಡು, ವೇಳಾಪಟ್ಟಿ ಮಾಡಿದವನೂ ಪಂಚಾಂಗ ಬಲ್ಲವನೇ ಇರಬೇಕೆಂದು ನನಗೆ ಸಂಶಯ ಬಂತು.

“ನಮ್ಮ ಮಗಳ ಜಾತಕಕ್ಕೂ ನೀವು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ” ಎಂದಳು ಪತ್ನಿ.

ಶಾಸ್ತ್ರದಲ್ಲಿ ಬಾಗಿಲು ಮುಚ್ಚಿದಲ್ಲಿ ಕಿಟಕಿಯೂ ಇರುತ್ತದೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊರಡುವ ದಿನ ಅನುಕೂಲವಿಲ್ಲದಿದ್ದರೆ, ಅದಕ್ಕೆ ಮೊದಲಿನ ಒಳ್ಳೆಯ ದಿನ ತನ್ನ ಗಂಟನ್ನು ಹೋಗಬೇಕಾದ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಆ ದಿನವೇ ಆರಂಭವಾದಂತೆ. ಗುರುವಾರ ಪೂರ್ವಕ್ಕೆ ದೋಷವಿಲ್ಲ. ಒಮಾನಿನಲ್ಲಿ ಆಗ ಅದು ರಜೆಯ ದಿನವೂ ಹೌದು. ತೊಡಕು ಒಂದೇ. ನಮ್ಮ ಪರಿಚಯದವರೆಲ್ಲ ನಮ್ಮ ಮನೆಗೆ ಪಶ್ಚಿಮದಲ್ಲಿದ್ದರು. ಪೂರ್ವಕ್ಕೆ ಇದ್ದದ್ದು ಒಂದೇ ಮನೆ, ಸುತ್ತಿನವರ ಆ ತರುಣನದು.

ನಾಲ್ಕು ದಿನ ಯೋಚಿಸಿ, ನಾಚಿಕೆಯನ್ನು ಮಡಚಿಟ್ಟು, ಗುರುವಾರ ಹತ್ತು ಗಂಟೆಗೆ ಮಡಿಪಂಚೆ, ಪಂಚಪಾತ್ರೆ, ಒಂದು ತೆಂಗಿನಕಾಯಿ ತುಂಬಿದ ಚೀಲವನ್ನು ಹಿಡಿದುಕೊಂಡು ಅವನ ಬಾಗಿಲು ತಟ್ಟಿದೆ. ವಿಷಯವನ್ನೆಲ್ಲ ಅವನು ಬಾಯಿ ತೆರೆದುಕೊಂಡೇ ಆಲಿಸಿದ.

“ಅಂದರೆ ಮಾಸ್ಟ್ರೆ, ನಮ್ಮ ವಿಮಾನ ಬೇಡ, ನಮ್ಮ ಮನೆ ಮಾತ್ರ ಬೇಕು.”

“ಸಂದರ್ಭ ಹಾಗಿದೆ ಮಾರಾಯ.”

“ನೇರದವರಿಗೆ ಪೂರ್ವದಿಕ್ಕಿನಲ್ಲಿ ಮನೆ ಇಲ್ಲವಾ?”

ನಾನು ಚೀಲವನ್ನು ಮುಂದೆ ಚಾಚಿದೆ. ಅವನು ನಕ್ಕು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗೋಡೆಯ ಮೇಲಿನ ಯೇಸುವಿನ ಪಟದ ಕೆಳಗೆ, ಮೇಣದ ಬತ್ತಿಯ ಪಕ್ಕದಲ್ಲಿಟ್ಟ. “ನಮ್ಮಲ್ಲಿ ಇದಕ್ಕಿಂತ ಮಡಿ ಜಾಗ ಇಲ್ಲ” ಎಂದ. ನಾನು ಆ ಪಟಕ್ಕೆ ಕೈಮುಗಿದು ಬಂದೆ.

ಶ್ರಾದ್ಧವಿದ್ದದ್ದು ಸೋಮವಾರ. ಶನಿವಾರ ಹೊರಟರೆ ಭಾನುವಾರ ಮನೆ ಸೇರಿ ನಿಯಮದಲ್ಲಿರಬಹುದೆಂಬುದು ನನ್ನ ಲೆಕ್ಕ. ಶನಿವಾರ ಬೆಳಿಗ್ಗೆ ಪತ್ನಿಗೆ ಹೇಳಿ, ತರುಣನ ಮನೆಯಿಂದ ಚೀಲ ತೆಗೆದುಕೊಂಡು, ಟ್ಯಾಕ್ಸಿಯಲ್ಲಿ ನಿಲ್ದಾಣಕ್ಕೆ ಹೋದೆ. ನೇರದವರ ಹಿರಿಯರು ನನಗಾಗಿಯೇ ಬಾಗಿಲಿನಲ್ಲಿ ನಿಂತಿದ್ದರು. ಮಸ್ಕತ್ತಿನಿಂದ ಬರಬೇಕಾದ ವಿಮಾನ ಕೆಟ್ಟು ಅಲ್ಲಿಯೇ ನಿಂತಿದೆ. ಇವತ್ತು ಖಲಾಸ್. ಇನ್ನು ಸೋಮವಾರ, ಇನ್‌ಶಾ ಅಲ್ಲಾ.

ಸೋಮವಾರ ಹೊರಟರೆ ಮಂಗಳವಾರ ತಲುಪುತ್ತೇನೆ, ನವಮಿ ಕಳೆದಿರುತ್ತದೆ. ಜಗಳವಾಡೋಣವೆಂದರೆ ಅವರು ಯಾವ ವಾಗ್ದಾನವನ್ನೂ ಮುರಿದಿರಲಿಲ್ಲ. ಮೊದಲ ದಿನವೇ ವಿಷಯವನ್ನು ಮೇಲಿನವನಿಗೆ ಒಪ್ಪಿಸಿದ್ದರು, ನಾನೂ ಮೆಚ್ಚಿ ತಲೆದೂಗಿದ್ದೆ.

ಆ ದುಃಖದ ನಡುವೆ ಇನ್ನೊಂದು ಸಂಕಟ. ಪ್ರಸ್ಥಾನದ ಗಂಟನ್ನು ಎತ್ತಿಕೊಂಡು ಹೊರಟವನು ತಿರುಗಿ ಸ್ವಂತ ಮನೆಯ ಹೊಸ್ತಿಲು ದಾಟಿದರೆ ಪ್ರಯಾಣವೇ ಭಂಗ. ಹಾಗಾಗಿ ನನ್ನ ಮನೆ ಹತ್ತು ನಿಮಿಷದ ದೂರದಲ್ಲಿರುವಾಗ ನಾನು ನಿಲ್ದಾಣದ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅನಾಥನಂತೆ ಕುಳಿತೆ. ಸುದ್ದಿ ಕೇಳಿ ತರುಣ ಮಧ್ಯಾಹ್ನದ ಹೊತ್ತಿಗೆ ಬಂದ. ಎಲ್ಲವನ್ನೂ ಕೇಳಿ, ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ನನ್ನ ಪತ್ನಿಗೆ ಫೋನು ಮಾಡಿದವನೂ ಅವನೇ.

ಸಂಜೆಯ ಮೊದಲೇ ಅವಳು ಅವಲಕ್ಕಿ, ಬಾಳೆಹಣ್ಣು ಹಿಡಿದುಕೊಂಡು ಅಲ್ಲಿಗೆ ಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಯಾವಾಗ ಬಂದ್ರಿ? ಪ್ರಯಾಣ ಎಲ್ಲ ಸುಖವಾಗಿತ್ತಾ?”

ತರುಣನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತರುಣ ಗಂಟಲು ಸರಿಮಾಡಿಕೊಂಡು, “ಅಕ್ಕ, ನಾಳೆ ಮಧ್ಯಾಹ್ನ ನಮ್ಮದು ಉಂಟು. ನಾಡಿದ್ದು ಬೆಳಗಾಗುವಾಗ ಬೊಂಬಾಯಿ. ಅಲ್ಲಿಂದ ಬಜ್ಪೆ ವಿಮಾನಕ್ಕೆ ಸೀಟು ಹೇಳಿ ಟೆಲೆಕ್ಸ್ ಕಳಿಸಿದ್ದೇನೆ. ನೇರದವರು ಟಿಕೆಟಿನ ಮೇಲೆ ಒಂದು ಮುದ್ರೆ ಹಾಕಿಕೊಟ್ಟರೆ ಸಾಕು, ಅದೇ ಟಿಕೆಟು ನಮ್ಮಲ್ಲಿಯೂ ನಡೆಯುತ್ತದೆ. ಮಾಸ್ಟ್ರು ಒಪ್ಪುವುದಿಲ್ಲ” ಎಂದ.

“ಯಾಕಂತೆ?”

“ನೇರದವರಿಗೆ ಮಾತು ಕೊಟ್ಟಿದ್ದೇನೆ” ಎಂದೆ. “ಅದೂ ಅಲ್ಲದೆ ನಾಳೆ ಭಾನುವಾರ, ಪಶ್ಚಿಮಕ್ಕೆ ಶೂಲೆ.”

“ಮಾತು ಕೊಟ್ಟದ್ದೋ, ತಾಳಿ ಕಟ್ಟಿದ್ದೋ? ಅತ್ತೆ ಅಲ್ಲಿ ಉಪವಾಸ ಕೂತಿರುತ್ತಾರೆ.” ಅವಳ ಸ್ವರದಲ್ಲಿ ಆಗ ತಮಾಷೆಯಿರಲಿಲ್ಲ.

ತರುಣ ಮೆಲ್ಲನೆ ಕೇಳಿದ: “ಮಾಸ್ಟ್ರೆ, ಒಂದು ಸಂಶಯ. ಈ ಶೂಲೆ ಹೊರಡುವವರಿಗೆ ಅಲ್ವಾ?”

“ಹೌದು.”

“ನೀವು ಗುರುವಾರವೇ ಹೊರಟಾಗಿದೆ. ಈಗ ದಾರಿಯಲ್ಲಿದ್ದೀರಿ. ದಾರಿಯಲ್ಲಿ ಇರುವವನಿಗೆ ರಸ್ತೆ ಯಾವ ಕಡೆ ತಿರುಗಿದರೆ ಎಂತ?”

ನಾನು ಮೂರು ಸಲ ಯೋಚಿಸಿದೆ. ಪಾಠಶಾಲೆಯಲ್ಲಿ ಇಂಥ ಯುಕ್ತಿ ಹೇಳಿದ ವಿದ್ಯಾರ್ಥಿಗೆ ನಮ್ಮ ಗುರುಗಳು ಶಾಲು ಹೊದಿಸುತ್ತಿದ್ದರು. ಅವನ ಮನೆಯ ಮಡಿ ಮೂಲೆಯಲ್ಲಿ ಕುಳಿತು ಅವಲಕ್ಕಿ ತಿಂದೆ. ತರುಣ ಟಿಕೆಟು ಒಯ್ದಾಗ ನೇರದವರ ಹಿರಿಯರು ಕೂಡಲೇ ಮುದ್ರೆ ಹಾಕಿಕೊಟ್ಟರಂತೆ. ನನ್ನ ತಂದೆಯ ಕಾರ್ಯವೆಂದು ಕೇಳಿ, ತಮ್ಮ ಭಾಷೆಯಲ್ಲಿ ತುಸು ಹೊತ್ತು ತುಟಿ ಅಲುಗಿಸಿದರೆಂದು ತರುಣ ಹೇಳಿದ.

ಭಾನುವಾರ ಸುತ್ತಿನವರ ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಎದ್ದಿತು. ವಿಮಾನದಲ್ಲಿ ನಾನು ಏನನ್ನೂ ತಿನ್ನದಿರುವುದನ್ನು ಕಂಡು ಪರಿಚಾರಿಕೆ ಮೂರು ಬಾರಿ ಬಂದು ಆರೋಗ್ಯ ವಿಚಾರಿಸಿದಳು. ನಾಲ್ಕನೆಯ ಬಾರಿ ಕಂಬಳಿ ಹೊದಿಸಿ ಹೋದಳು. ಬೊಂಬಾಯಿಯಲ್ಲಿ ಬಜ್ಪೆಯ ವಿಮಾನ ಒಂದು ಗಂಟೆ ತಡ. ಬಜ್ಪೆಯಿಂದ ಹಿಡಿದ ಟ್ಯಾಕ್ಸಿಯವನಿಗೆ ತಿಥಿಯ ವಿಷಯ ಹೇಳಿದ್ದೇ ತಪ್ಪಾಯಿತು. ಆಮೇಲೆ ಅವನು ಓಡಿಸಿದ ರೀತಿಗೆ, ನಾನೇ ಪಿತೃಗಳ ಸಾಲಿಗೆ ಸೇರುವೆನೇ ಎಂದು ಹೆದರಿ ವಿಷ್ಣುಸಹಸ್ರನಾಮವನ್ನು ಎರಡು ಸಲ ಮುಗಿಸಿದೆ.

ಅಕ್ಕನ ಮನೆಯ ಅಂಗಳದಲ್ಲಿ ಇಳಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಜಗಲಿಯಲ್ಲಿದ್ದ ಪುರೋಹಿತರು ಕೈಗಡಿಯಾರ ನೋಡಿಕೊಂಡು, “ಕಾಲ ಮೀರಿಲ್ಲ. ಸ್ನಾನ ಮಾಡಿ ಬನ್ನಿ. ವಿಮಾನದ ಪುರಾಣ ಊಟದ ಮೇಲೆ” ಎಂದರು. ಒಳಬಾಗಿಲಿನ ಹತ್ತಿರ ತಾಯಿಯವರು ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ಬಿಂದಿಗೆ ಕೊಟ್ಟು ಬಾವಿಯ ಕಡೆಗೆ ಕಳಿಸಿದರು.

ತಲೆಯಿಂದ ನೀರಿಳಿಯುತ್ತಿರುವಾಗಲೇ ದರ್ಭೆ ಹಿಡಿದು ಕುಳಿತೆ. ಸಂಕಲ್ಪದಲ್ಲಿ ತಂದೆಯವರ ಹೆಸರನ್ನೂ ಗೋತ್ರವನ್ನೂ ಹೇಳುವಾಗ, ಎರಡು ದಿನದಿಂದ ಗಟ್ಟಿಯಾಗಿ ಹಿಡಿದಿಟ್ಟಿದ್ದ ಸ್ವರ ಒಡೆಯಿತು. ಪುರೋಹಿತರು ತಮ್ಮ ಮಂತ್ರವನ್ನು ನಿಧಾನಗೊಳಿಸಿ ನಾನು ಸೇರಿಕೊಳ್ಳುವವರೆಗೆ ಕಾದರು.

ಎಲ್ಲ ಮುಗಿದು ಬ್ರಾಹ್ಮಣರ ಊಟವಾಗಿ ನಮಗೆ ಎಲೆ ಹಾಕಿದಾಗ ಮೂರು ಗಂಟೆ ದಾಟಿತ್ತು. ತಾಯಿಯವರು ಆಚಮನ ಮಾಡಿ ಮೊದಲ ತುತ್ತು ಬಾಯಿಗಿಟ್ಟದ್ದನ್ನು ಕಂಡ ಮೇಲೆ ನನಗೆ ಮಾತು ಹೊರಟಿತು. ಆಗ ನಾನು ನೇರದವರ, ಸುತ್ತಿನವರ ಕತೆಯನ್ನು ಕ್ರಮವಾಗಿ ನಿರೂಪಿಸಿ, ಇನ್ನು ಮುಂದೆ ಯಾರಲ್ಲಿ ನಿಷ್ಠೆಯಿಡುವುದೆಂಬ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಅವರು ಸಾರನ್ನಕ್ಕೆ ಉಪ್ಪು ಕಲಸಿಕೊಳ್ಳುತ್ತ ಕೇಳಿದರು.

“ಬರುವ ವರ್ಷ ನವಮಿ ಯಾವ ವಾರ ಬರುತ್ತದೆ?”

“ಹೊಸ ಪಂಚಾಂಗ ಇನ್ನೂ ಬಂದಿಲ್ಲ ಅಮ್ಮ. ಯುಗಾದಿಯ ಹೊತ್ತಿಗೆ ಬರುತ್ತದೆ.”

“ಹಾಗಾದರೆ ಈಗ ಉಣ್ಣು” ಎಂದರು.