ಆಪರೇಟರ್ ತಂಗಿಗೆ ಓದಿ ಹೇಳುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಇಬ್ಬರು ಹೆಂಗಸರು ಒಂದೇ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಹೆಡ್‌ಫೋನ್ ಹಾಕಿಕೊಂಡವರು ತಂಗಿ, ಇಲ್ಲಿಯ ಆಪರೇಟರ್; ಹುಟ್ಟಿನಿಂದಲೇ ಕಣ್ಣು ಕಾಣದು. ಪಕ್ಕದಲ್ಲಿ ಉಗುರು ಕಚ್ಚುತ್ತಿರುವವರು ಅಕ್ಕ. ಪರದೆಯ ಮೇಲಿನ ಅಕ್ಷರಗಳನ್ನು ತಂಗಿಯ ಕಿವಿಗೆ ಓದಿ ಹೇಳುವ ಪ್ರೋಗ್ರಾಮ್ ಬರೆದವರು ಇವರೇ. ರಾತ್ರಿ ಇಲ್ಲಿಯ ಕಂಪ್ಯೂಟರುಗಳಿಗೆಲ್ಲ ಆಪರೇಟಿಂಗ್ ಸಿಸ್ಟಮ್‌ನ ಅಪ್‌ಡೇಟ್ ಆಗಿದೆ. ಪ್ರೋಗ್ರಾಮ್ ಇನ್ನೂ ಸರಿಯಾಗಿ ಓದುತ್ತದೋ ಇಲ್ಲವೋ, ಮೊದಲ ಕರೆ ಬಂದಮೇಲೆಯೇ ಗೊತ್ತಾಗಬೇಕು.

"ಅಕ್ಕಾ, ಕಾಲು ಅಲ್ಲಾಡಿಸ್ಬೇಡ. ಮೇಜೆಲ್ಲಾ ನಡುಗ್ತಿದೆ," ಎನ್ನುತ್ತಾರೆ ತಂಗಿ.

ಅಕ್ಕ ಹಗಲಿಡೀ ಔಷಧ ಗೋದಾಮೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಾರೆ. ಈ ಪ್ರೋಗ್ರಾಮ್ ಮನೆಗೆ ಬಂದಮೇಲಿನ ಕೆಲಸ. ತಂಗಿಗೆಂದು ಬರೆದದ್ದನ್ನು ಈಗ ಬೇರೆ ಆಸ್ಪತ್ರೆಗಳ ಕಣ್ಣು ಕಾಣದ ನಲವತ್ತು ಮಂದಿ ಆಪರೇಟರುಗಳೂ ಬಳಸುತ್ತಾರೆ. ತಂಗಿಯೊಬ್ಬರೇ ದಿನಕ್ಕೆ ನಾನೂರು ಕರೆಗಳನ್ನು ವಾರ್ಡುಗಳಿಗೆ ದಾಟಿಸುತ್ತಾರೆ.

ತೊಡಕು ಇದ್ದದ್ದು ಆಸ್ಪತ್ರೆಯ ಟೆಲಿಫೋನ್ ಸಾಫ್ಟ್‌ವೇರಿನಲ್ಲಿ. ವಾರ್ಡುಗಳ ಹೆಸರನ್ನು ಅದು ಚಿತ್ರದಂತೆ ಬರೆದುಬಿಡುತ್ತಿತ್ತು. ಬೇರೆ ಪ್ರೋಗ್ರಾಮ್ ಅದನ್ನು ಓದುವಂತಿರಲಿಲ್ಲ. ಆದರೆ ಚಿತ್ರ ಮೂಡುವ ಮುಂಚೆ ಆಪರೇಟಿಂಗ್ ಸಿಸ್ಟಮ್ ಆ ಅಕ್ಷರಗಳನ್ನು ತನ್ನ ಹೊಟ್ಟೆಯೊಳಗೆ ಒಂದು ಕಡೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಅಕ್ಕ ತಿಂಗಳುಗಟ್ಟಲೆ ತಡಕಾಡಿ ಪತ್ತೆಹಚ್ಚಿದರು.

"ಸಿಸ್ಟಮ್ ಮಾಡಿದೋರು ಆ ಜಾಗದ ಬಗ್ಗೆ ಎಲ್ಲೂ ಬರೆದಿಲ್ಲ. ಅದು ಅಲ್ಲೇ ಇರುತ್ತೆ ಅಂತ ಯಾರಿಗೂ ಮಾತು ಕೊಟ್ಟಿಲ್ಲ. ಬೇರೆ ದಾರಿ ಇರ್ಲಿಲ್ಲ, ನಂಬಿದೆ," ಎನ್ನುತ್ತಾರೆ ಅಕ್ಕ.

ಹಿಂದಿನ ಅಪ್‌ಡೇಟ್‌ನಲ್ಲಿ ಆ ಜಾಗ ಬದಲಾಯಿತು. ಪ್ರೋಗ್ರಾಮ್ ನಿಂತುಹೋಗಿದ್ದರೆ ಚಿಂತೆಯಿರಲಿಲ್ಲ. ಅದು ಧೈರ್ಯವಾಗಿ ತಪ್ಪು ಸಾಲನ್ನು ಓದತೊಡಗಿತು. ಹೆಂಡತಿಯ ಹೆರಿಗೆಯಾಯಿತೇ ಎಂದು ತಿಳಿಯಲು ಫೋನ್ ಮಾಡಿದ ಗಂಡನ ಕರೆ ಅಡುಗೆಮನೆಗೆ ಹೋಯಿತು. "ಆಯ್ತಾ?" ಎಂದು ಆತ ಕೇಳಿದ್ದಕ್ಕೆ "ಇನ್ನೂ ಬೆಂದಿಲ್ಲ, ಅರ್ಧ ಗಂಟೆ ಬಿಟ್ಟು ಕೇಳಿ" ಎಂದರಂತೆ ಅಡುಗೆಯವರು. ಆಸ್ಪತ್ರೆಯೆಲ್ಲ ನಕ್ಕಿತು. ಮೇಲ್ವಿಚಾರಕರು ಮಾತ್ರ ನಗಲಿಲ್ಲ. "ತುರ್ತು ವಾರ್ಡಿನ ಕರೆ ಹೀಗೆ ಹೋದ್ರೆ ಏನಮ್ಮಾ ಗತಿ? ಇನ್ನೊಂದ್ಸಲ ಆದ್ರೆ ಕಣ್ಣು ಕಾಣೋರನ್ನ ಕೂರಿಸ್ಬೇಕಾಗುತ್ತೆ," ಎಂದರು.

ಅಕ್ಕ ಅಂದೇ ಹೇಗೋ ತೇಪೆ ಹಾಕಿದರು. ಆದರೆ ಅದೂ ಎಷ್ಟು ದಿನ? ವಾರ್ಡುಗಳ ಹೆಸರನ್ನು ಓದಲು ಬರುವಂತೆ ಕೊಡಿ ಎಂದು ಟೆಲಿಫೋನ್ ಸಾಫ್ಟ್‌ವೇರ್ ಕಂಪನಿಗೆ ಬರೆದರು. ಉತ್ತರವಿಲ್ಲ. ಆಗ ತಂಗಿ ಟೊಂಕ ಕಟ್ಟಿದರು. ವಾರವಾರವೂ ಅಲ್ಲಿಯ ಎಂಜಿನಿಯರನ್ನು ಬಿಡದೆ ಹಿಡಿದರು. "ಫೋನ್ ಮಾಡೋದೇ ನನ್ನ ಕೆಲ್ಸ ಅಲ್ವಾ? ಪಾಪ, ನನ್ನ ದನಿ ಕೇಳಿದ್ರೆ ಅವ್ರಿಗೆ ಜ್ವರ ಬರೋ ಹಾಗಾಗಿತ್ತು." ಕೊನೆಗೆ ಅವರು ಮಣಿದರು. ಕಳೆದ ತಿಂಗಳು ವಾರ್ಡುಗಳ ಹೆಸರನ್ನು ಓದಲು ನೇರ ದಾರಿಯೊಂದು ಸಿಕ್ಕಿತು, ಅದು ಬದಲಾಗದೆಂಬ ಮಾತೂ ಬರವಣಿಗೆಯಲ್ಲಿ ಬಂತು. ಅಕ್ಕ ಪ್ರೋಗ್ರಾಮನ್ನು ಅದಕ್ಕೆ ತಿರುಗಿಸಿದರು.

ಈಗ ಫೋನ್ ರಿಂಗಣಿಸುತ್ತದೆ. ತಂಗಿಯ ಬೆರಳು ಕೀಲಿಗಳ ಮೇಲೆ ಓಡುತ್ತದೆ. "ಮಕ್ಕಳ ವಾರ್ಡ್, ಎರಡನೇ ಮಹಡಿ," ಎನ್ನುತ್ತದೆ ಹೆಡ್‌ಫೋನಿನಿಂದ ಸಣ್ಣಗೆ ಹೊರಗೂ ಕೇಳುವ ದನಿ. ಅಕ್ಕ ಪರದೆ ನೋಡುತ್ತಾರೆ. ಅದೇ! ಇನ್ನೊಂದು ಕರೆ, ಮತ್ತೊಂದು. ಒಂದೂ ತಪ್ಪಿಲ್ಲ. ಬಾಗಿಲಲ್ಲಿ ನಿಂತ ಮೇಲ್ವಿಚಾರಕರು ತಲೆದೂಗಿ ತಮ್ಮ ಪಾಡಿಗೆ ಹೊರಟುಹೋಗುತ್ತಾರೆ. ಅಕ್ಕ ಹೊರಬಿಟ್ಟ ಉಸಿರಿಗೆ ಮೇಜಿನ ಮೇಲಿನ ಕಾಗದ ಹಾರುವುದೊಂದು ಬಾಕಿ.

ಕುತೂಹಲಕ್ಕೆ ಹಳೆಯ ದಾರಿಯನ್ನೂ ಒಮ್ಮೆ ಪರೀಕ್ಷಿಸುತ್ತಾರೆ. ಅಲ್ಲಿ ಬರೀ ಕಲಸುಮೇಲೋಗರ. ಜಾಗ ಮತ್ತೆ ಬದಲಾಗಿದೆ. ಅಕ್ಕ ತಾವು ಅಷ್ಟು ಕಷ್ಟಪಟ್ಟು ಬರೆದಿದ್ದ ಆ ಸಾಲುಗಳನ್ನೆಲ್ಲ ಒಟ್ಟಿಗೆ ಅಳಿಸಿಹಾಕುತ್ತಾರೆ. ಬೇಜಾರಾಗಲ್ವಾ ಎಂದು ನಾನು ಕೇಳಿದರೆ ನಗುತ್ತಾರೆ.

"ಯಾಕ್ರೀ ಬೇಜಾರು? ಮುಂದಿನ ಅಪ್‌ಡೇಟ್ ದಿನ ನಾನು ಮನೇಲಿ ಹೊದ್ಕೊಂಡು ಮಲಗಿರ್ಬೇಕು. ಅಷ್ಟೇ ಆಸೆ."

"ಮಲಗಕ್ಕಾ," ಎನ್ನುತ್ತಾರೆ ತಂಗಿ, ಮುಂದಿನ ಕರೆ ಎತ್ತಿಕೊಳ್ಳುತ್ತಾ. "ಇಲ್ಲಿ ನಾನಿದ್ದೀನಿ."