ಕಾಲಿಗೆ ಕಟ್ಟಿದ ತೆಂಗಿನಕಾಯಿ

ನಾವು ಚಿಕ್ಕವರಿದ್ದಾಗ ನೊಣವಿನಕೆರೆ ಸುತ್ತಮುತ್ತ ಮೂಳೆ ಮುರಿದುಕೊಂಡವರಿಗೆ ಎರಡೇ ದಾರಿ. ಒಂದು, ಬಿದಿರುದಬ್ಬೆ ಕಟ್ಟುವ ನಾಟಿ ವೈದ್ಯರು. ಇನ್ನೊಂದು, ತುರುವೇಕೆರೆ ರಸ್ತೆಯ ಮಿಷನ್ ಆಸ್ಪತ್ರೆ. ಕೈ ಮುರಿದವರು ಮೊದಲನೆಯ ಕಡೆಗೂ ತೊಡೆ ಮುರಿದವರು ಎರಡನೆಯ ಕಡೆಗೂ ಹೋಗುವುದು ವಾಡಿಕೆ. ಮೂರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ನಾನು ತೊಡೆ ಮುರಿದುಕೊಂಡೆ.

ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷವೆಲ್ಲ ಮರೆತುಬಿಡುವುದು. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಗೊಟಗೊಟ ಅನ್ನಬೇಕು. ಅಲ್ಲಿಯವರೆಗೂ ಅದನ್ನು ಮುಟ್ಟುವಂತಿಲ್ಲ. ಅನ್ನುತ್ತಿದೆಯೋ ಇಲ್ಲವೋ ನೋಡೋಣವೆಂದು ನಾನು ಏಣಿ ಹತ್ತಿ, ಎರಡು ಕಾಯಿಗಳನ್ನು ಎರಡು ಕಿವಿಗೂ ಹಿಡಿದೆ. ಏಣಿ ಹಿಡಿಯಲು ಕೈ ಉಳಿದಿರಲಿಲ್ಲ.

ಅವ್ವ ತಮ್ಮನನ್ನು ಹೆತ್ತು ಬಾಣಂತನದಲ್ಲಿದ್ದಳು. ಗಾಡಿಗೆ ಹುಲ್ಲು ಹಾಸಿ ಅಪ್ಪ ನನ್ನನ್ನು ಆಸ್ಪತ್ರೆಗೆ ತಂದು ಹಾಕಿದ. ನನ್ನ ಜೊತೆ ಉಳಿದವಳು ಅಜ್ಜಿ.

ಅಲ್ಲಿನ ಡಾಕ್ಟರು ಸಮುದ್ರದಾಚೆಯ ಚಳಿ ದೇಶದಿಂದ ಬಂದ ಹೆಂಗಸು. ಅವರ ಹೆಸರು ಯಾರ ಬಾಯಲ್ಲೂ ಹೊರಳದ ಕಾರಣ ಎಲ್ಲರಿಗೂ ಅವರು ಡಾಕ್ಟ್ರಮ್ಮ. ನಾನು ಹುಟ್ಟುವ ಮೊದಲೇ ಬಂದಿದ್ದರಂತೆ. ಕನ್ನಡವನ್ನು ಬೈಬಲ್ಲಿನಿಂದ ಕಲಿತವರು. "ಎಳೆಯ ಮೂಳೆ, ನಿಶ್ಚಯವಾಗಿ ಕೂಡುವುದು. ಆದರೆ ಇವಳು ಮಲಗಿಯೇ ಇರತಕ್ಕದ್ದು" ಎಂದರು. "ನಾಟಕದೋರ ಥರ ಮಾತಾಡ್ತಾಳಲ್ಲೇ!" ಎಂದು ಅಜ್ಜಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಕಾಲಿಗೆ ಅಂಟುಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿದರು. ಅದರ ತುದಿಗೆ ಭಾರ ತೂಗಬೇಕು. ಮುರಿದ ಮೂಳೆಯ ತುಂಡುಗಳು ಒಂದರ ಮೇಲೊಂದು ಏರಿ ಕಾಲು ಗಿಡ್ಡವಾಗದಂತೆ ಆ ಭಾರ ಸದಾ ಎಳೆಯುತ್ತಿರಬೇಕು. ಮರಳಿನ ಚೀಲಗಳೆಲ್ಲ ಬೇರೆ ರೋಗಿಗಳ ಮಂಚದಲ್ಲಿದ್ದವು. ಡಾಕ್ಟ್ರಮ್ಮ ಸುತ್ತ ನೋಡಿದರು. ಅಪ್ಪ ಅವರಿಗೆಂದೇ ತಂದಿದ್ದ ಸುಲಿದ ತೆಂಗಿನಕಾಯಿಗಳು ಮೂಲೆಯಲ್ಲಿದ್ದವು. ಅವನ್ನೇ ತಕ್ಕಡಿಯಲ್ಲಿ ತೂಗಿ, ಬಟ್ಟೆಯ ಚೀಲಕ್ಕೆ ತುಂಬಿ, ನನ್ನ ಕಾಲಿಗೆ ನೇತುಹಾಕಿದರು. "ನಿಮ್ಮ ಊರಿನ ಔಷಧ" ಎಂದು ನಕ್ಕರು. ಅಜ್ಜಿ ನಗಲಿಲ್ಲ.

ಅಂದಿನಿಂದ ನಾನು ಮಂಚಕ್ಕೆ ಗೂಟ ಹೊಡೆದ ಕರು. ಮಗ್ಗುಲಾಗುವಂತಿಲ್ಲ, ಎದ್ದು ಕೂರುವಂತಿಲ್ಲ. ಹಿಮ್ಮಡಿಯಲ್ಲಿ ಇರುವೆ ಕಚ್ಚಿದರೆ ಯಾರಾದರೂ ಬಂದು ಕೆರೆಯುವವರೆಗೂ ಅಳಬೇಕು. ಮಲಗಿದಲ್ಲೇ ಉಚ್ಚೆ, ಮಲಗಿದಲ್ಲೇ ಊಟ. ಫಿನೈಲ್ ವಾಸನೆಯ ನಡುವೆ ಮಧ್ಯಾಹ್ನದ ಗಾಳಿಗೆ ರಸ್ತೆಯಾಚೆಯ ಅಂಗಳದಿಂದ ಒಡೆದ ಚಿಪ್ಪಿನ, ಕೊಬ್ಬರಿಯ ಘಮ ಬರುತ್ತಿತ್ತು. ಹೆಂಗಸರು ಕೊಬ್ಬರಿ ಒಡೆಯುವ ಟಕ್ ಟಕ್ ಸದ್ದು ಬರುತ್ತಿತ್ತು. ನನ್ನ ಓರಗೆಯವರು ಅಲ್ಲಿ ಚಿಪ್ಪು ಜೋಡಿಸಿ ಲಗೋರಿ ಆಡುವ ಕೂಗಂತೂ ಕೇಳಲಾಗುತ್ತಿರಲಿಲ್ಲ. ಒಮ್ಮೆ ಸಿಟ್ಟು ಬಂದು ಗಂಜಿ ಲೋಟ ಎಸೆದೆ. ಎಸೆದದ್ದೂ ದೂರ ಹೋಗಲಿಲ್ಲ, ನನ್ನ ಎದೆಯ ಮೇಲೇ ಬಿತ್ತು.

ನನಗೆ ಉಳಿದಿದ್ದ ಒಂದೇ ಆಟ ಕಿಟಕಿಯಿಂದ ಡಾಕ್ಟ್ರಮ್ಮನನ್ನು ನೋಡುವುದು. ಬೆಳಕು ಹರಿಯುವ ಮೊದಲೇ ಸೀಮೆಎಣ್ಣೆ ಸ್ಟೌವಿನಲ್ಲಿ ಟೀ ಕಾಯಿಸುತ್ತಿದ್ದರು. ಜಗಲಿಯಲ್ಲಿ ನರ್ಸುಗಳ ಜೊತೆ ಪ್ರಾರ್ಥನೆ, ಅಪಸ್ವರದ ಒಂದು ಹಾಡು. ಆಮೇಲೆ ವಾರ್ಡು. ಅದು ಮುಗಿಯುವಷ್ಟರಲ್ಲಿ ಹೊಂಗೆ ಮರದಡಿ ಜನ: ಕುರ, ಕೆಮ್ಮು, ಬಸುರಿ, ಚೇಳು ಕಚ್ಚಿದವನು. ಮಧ್ಯಾಹ್ನ ರಾಗಿಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ, ಅಗಿದು ಅಗಿದು ತಿನ್ನುತ್ತಿದ್ದರು. "ಮುದ್ದೇನ ಯಾರಾದ್ರೂ ಅಗೀತಾರಾ? ಪಾಪ, ಹೇಳ್ಕೊಡೋರಿಲ್ಲ" ಎಂದು ಅಜ್ಜಿ ಮರುಗುವಳು. ಸಂಜೆ ತಮ್ಮ ಬಿಳಿ ಶೂಗಳನ್ನು ತಾವೇ ಒರೆಸಿ, ಹಾಕಿಕೊಂಡು ಗೇಟಿನ ಕಡೆ ವಾಕಿಂಗ್ ಹೊರಡುವರು. ಗೇಟು ಮುಟ್ಟುವ ಹೊತ್ತಿಗೆ ಯಾರೋ "ಡಾಕ್ಟ್ರಮ್ಮಾ" ಎಂದು ಕೂಗುವರು. ಅವರು ಗೇಟು ದಾಟಿದ್ದನ್ನು ನಾನು ಒಂದು ಸಂಜೆಯೂ ನೋಡಲಿಲ್ಲ.

ಅವರು ಊರಿಗೆ ಹೊರಟಿದ್ದಾರೆಂದು ಹೇಳಿದವಳು ನರ್ಸು ಸುಗುಣಕ್ಕ. ಅವರ ತಾಯಿಗೆ ಕಣ್ಣಿನ ನರ ಒಣಗುತ್ತಿತ್ತಂತೆ, ಅದು ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲವಂತೆ. ಪೂರ್ತಿ ಕತ್ತಲಾಗುವ ಮೊದಲು ಮಗಳ ಮುಖ ಒಂದು ಸಲ ನೋಡಬೇಕೆಂದು ಆ ತಾಯಿಯ ಆಸೆ. ಜಗಲಿಯಲ್ಲಿ ಡಾಕ್ಟ್ರಮ್ಮನ ಟ್ರಂಕು ಹಗ್ಗ ಬಿಗಿಸಿಕೊಂಡು ಕೂತಿತ್ತು.

"ಸೋಮವಾರ ನಿನಗೆ ಪ್ಲಾಸ್ಟರು ಹಾಕಿ ಮನೆಗೆ ಕಳುಹಿಸುವೆನು. ಮರುದಿನ ನಾನೂ ಮನೆಗೆ. ಇಬ್ಬರಿಗೂ ಬಿಡುಗಡೆ, ಅಲ್ಲವೋ?" ಎಂದು ಅವರೇ ನನ್ನ ಕೆನ್ನೆ ಹಿಂಡಿದರು. ನನಗೆ ಹಿಗ್ಗೋ ಹಿಗ್ಗು. ಅದಕ್ಕೆ ತಕ್ಕಂತೆ ಆ ವಾರ ಕಾಲಿನ ಸೆಳೆತವೂ ಮಾಯವಾಗಿತ್ತು. ವಾಸಿಯಾಗುವುದೆಂದರೆ ಹೀಗೇ ಹಗುರಾಗುವುದು ಎಂದುಕೊಂಡಿದ್ದೆ.

ಶನಿವಾರ ಡಾಕ್ಟ್ರಮ್ಮ ಟೇಪು ಹಿಡಿದು ಎರಡೂ ಕಾಲು ಅಳೆದರು. ಇನ್ನೊಮ್ಮೆ ಅಳೆದರು. ಮಂಚದ ತುದಿಗೆ ಹೋಗಿ ಆ ಚೀಲದ ಕೆಳಗೆ ಒಂದು ಬೆರಳು ಕೊಟ್ಟು ಎತ್ತಿದರು. ಚೀಲ ಮೇಲೆ ಬಂತು. ಬಿಚ್ಚಿ ನೋಡಿದರೆ ಒಳಗೆ ಕಾಯಿ ಇಲ್ಲ. ಒಲೆಗೆಂದು ಇಟ್ಟಿದ್ದ ಕಾಯಿಸಿಪ್ಪೆ ತುಂಬಿತ್ತು.

ಅಜ್ಜಿ ಗೋಡೆಗೆ ಒರಗಿ ನಿಂತಿದ್ದಳು. ಮುಚ್ಚಿಡುವ ಸ್ವಭಾವ ಅವಳದಲ್ಲ.

"ಮಗು ಮಲ್ಗಿದ್ದಾಗ ನಾನೇ ಕಣವ್ವಾ ತೆಗ್ದಿದ್ದು. ಕಾಯಿ ಅಂದ್ರೆ ದೇವ್ರು. ಕಳಸಕ್ಕೆ ಇಡೋದ್ನ ಕಾಲಿಗೆ ಕಟ್ಟುದ್ರೆ ಆ ಕಾಲು ಉಳೀತದಾ? ನಿಮ್ಗೆ ಬೇಜಾರಾಗ್ಬಾರ್ದು ಅಂತ ಸಿಪ್ಪೆ ತುಂಬ್ದೆ."

"ಕಾಯಿಗಳು ಎಲ್ಲಿ?"

"ಮಗೀನ ತಲೆದೆಸೇಲಿ ಅವೆ."

ನನ್ನ ದಿಂಬಿನ ಹಿಂದೆ, ಅಜ್ಜಿಯ ಹಳೇ ಸೀರೆಯ ಮರೆಯಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು. ಸುಗುಣಕ್ಕ ಕೂಗಾಡಿದಳು: "ಬುದ್ಧಿ ಐತಾ ಅಜ್ಜಿ ನಿಮ್ಗೆ? ಈಗ್ಲೇ ಕಾಲು ಗಿಡ್ಡ ಆಗೈತೆ. ಹೆಣ್ಣುಮಗು ಜೀವಮಾನವೆಲ್ಲ ಕುಂಟ್ಕೊಂಡು ತಿರುಗ್ಬೇಕಾ?"

ಡಾಕ್ಟ್ರಮ್ಮ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿ, ಅಜ್ಜಿಯ ಎದುರು ನೆಲದ ಮೇಲೆ ಕೂತರು. "ಮೂಳೆ ಇನ್ನೂ ಎಳೆಯದು. ಮೊದಲಿನಿಂದ ಎಳೆದರೆ ಸರಿಹೋಗುವುದು. ಕಟ್ಟುವ ಮೊದಲು ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಈಗ ಹೇಳಿ, ಏನು ಕಟ್ಟಲಿ? ರುಬ್ಬುವ ಗುಂಡು?"

"ಅಯ್ಯೋ, ಅದು ಮನೆ ಲಕ್ಷ್ಮಿ."

"ರಾಗಿ?"

"ಅನ್ನ ಕಣವ್ವಾ!"

"ಗುದ್ದಲಿ?"

"ಆಯುಧಪೂಜೇಲಿ ಅದ್ಕೂ ಕೈ ಮುಗೀತೀವಿ."

"ಇಟ್ಟಿಗೆ?"

ಅಜ್ಜಿ ಬಹಳ ಹೊತ್ತು ಯೋಚಿಸಿದಳು. "ಇಟ್ಟಿಗೆ ಆಗ್ಬೋದು ಬುಡಿ."

ಡಾಕ್ಟ್ರಮ್ಮ ಗಟ್ಟಿಯಾಗಿ ನಕ್ಕುಬಿಟ್ಟರು. ನಗುತ್ತಲೇ ಎದ್ದು ಜಗಲಿಗೆ ಹೋದರು. ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಬಗ್ಗಿ ಟ್ರಂಕಿನ ಹಗ್ಗ ಬಿಚ್ಚಿದರು. ಅದೇ ಹಗ್ಗದಲ್ಲಿ ಇಟ್ಟಿಗೆಗಳನ್ನು ಬಿಗಿದು ತಂದು ನನ್ನ ಕಾಲಿಗೆ ತೂಗುಬಿಟ್ಟರು.

ಬದಲಿಗೆ ಬರಲಿದ್ದವರು ಜ್ವರ ಕೆಮ್ಮು ನೋಡುವ ಡಾಕ್ಟರು, ಮೂಳೆ ಅವರಿಗೆ ಬರುವುದಿಲ್ಲ ಎಂದು ಸುಗುಣಕ್ಕ ಹೇಳಿದಾಗಲೇ ಅಜ್ಜಿಗೆ ಆದದ್ದು ಅರ್ಥವಾಯಿತು. ನಾನಂತೂ ಮತ್ತೆ ಸೆರೆ ಬಿದ್ದೆನೆಂದು ಮಂಚ ಗುದ್ದಿ ಗುದ್ದಿ ಅಳುತ್ತಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ನಿನ್ನ ಕಾಲು ಬಿಚ್ಚೋಕೋಗಿ ಅವ್ಳ ಕಾಲು ಕಟ್ಟಾಕ್ದೆ ಕಣೇ. ಅಲ್ಲೊಬ್ಳು ತಾಯಿ ಬಾಗ್ಲು ಕಾಯ್ತಾ ಅವ್ಳೆ" ಎಂದು ಅವಳೂ ಅತ್ತಳು. ಆಮೇಲೆ ನಾವು ಮೂವರೂ ಆ ಬೇಸಿಗೆಯನ್ನೆಲ್ಲ ಅಲ್ಲೇ ಕಳೆದೆವು. ಮನೆಯಲ್ಲಿ ಎಮ್ಮೆ ಬತ್ತಿತೆಂದು, ಕೊಬ್ಬರಿ ಒಡೆಯಲು ದಿಕ್ಕಿಲ್ಲವೆಂದು ಸುದ್ದಿ ಬಂದರೂ ಅಜ್ಜಿ ಅಲ್ಲಾಡಲಿಲ್ಲ. ಸಂಜೆ ಡಾಕ್ಟ್ರಮ್ಮ ಗೇಟಿನ ಕಡೆ ಹೋಗಿ ತಿರುಗಿ ಬರುವುದನ್ನು ನಾವಿಬ್ಬರೂ ನೋಡುತ್ತಿದ್ದೆವು.

ಮುಂಗಾರಿನ ಹೊತ್ತಿಗೆ ನಾನು ನಡೆದೆ. ಡಾಕ್ಟ್ರಮ್ಮ ನೆಲಕ್ಕೆ ಕೂತು ನನ್ನ ಸೊಂಟವನ್ನೇ ದಿಟ್ಟಿಸುತ್ತ, "ಗೇಟಿನ ತನಕ ಹೋಗಿ ಬಾ" ಎಂದರು. ಹೋಗಿ ಬಂದೆ. "ಸಮ" ಎಂದರು, ಒಂದೇ ಮಾತು.

ಅವರಿಗೆ ಮತ್ತೆ ರಜೆ ಸಿಕ್ಕಿದ್ದು ಸುಗ್ಗಿಯ ನಂತರ. ಅಜ್ಜಿ ಅಟ್ಟದಿಂದ ಒಂದು ಕಾಯಿ ಆರಿಸಿ ತಂದು ಕೊಟ್ಟಳು. "ಒಡೀಬೇಡಿ. ಹಿಂಗೇ ನಿಮ್ಮವ್ವಂಗೆ ಕೊಡಿ. ಕಣ್ಣು ಕಾಣ್ದಿದ್ರೂ ಅಲ್ಲಾಡ್ಸುದ್ರೆ ಕೇಳ್ತದಲ್ಲ" ಎಂದಳು.

ತಿರುಗಿ ಬಂದ ಮೇಲೆ ಡಾಕ್ಟ್ರಮ್ಮ ಜೀಪಿನಲ್ಲಿ ನಮ್ಮೂರಿಗೇ ಬಂದರು. ಅವರು ಹೋಗುವಷ್ಟರಲ್ಲಿ ತಾಯಿಗೆ ಪೂರ್ತಿ ಕತ್ತಲಾಗಿತ್ತಂತೆ. ಮಗಳ ಮುಖವನ್ನು ಕೈಯಲ್ಲಿ ತಡವಿ ನೋಡಿದರಂತೆ. "ಕಾಯಿ ಅವರ ಹಾಸಿಗೆಯ ಪಕ್ಕದಲ್ಲೇ ಇದೆ. ದಿನವೂ ಅಲ್ಲಾಡಿಸುವರು" ಎಂದರು. ಅಜ್ಜಿ ಅವರ ಎರಡು ಕೈಗಳನ್ನೂ ತನ್ನ ಕಣ್ಣಿಗೆ ಒತ್ತಿಕೊಂಡಳು. ಅಂದು ನಮ್ಮ ಮನೆಯಲ್ಲೇ ಅವರ ಊಟ. ಮುದ್ದೆ ನುಂಗುವುದನ್ನು ಅಜ್ಜಿ ಕಲಿಸಿದಳು.

ಈಗ ಅಜ್ಜಿಯಿಲ್ಲ, ಡಾಕ್ಟ್ರಮ್ಮನಿಲ್ಲ. ಆಸ್ಪತ್ರೆಗೆ ಬೀಗ ಬಿದ್ದು ಬಹಳ ಕಾಲವಾಯಿತು, ಗೇಟೊಂದು ನಿಂತಿದೆ. ತಿಪಟೂರಿನಲ್ಲಿ ಮೂಳೆ ಡಾಕ್ಟರುಗಳಿಗೆ ಬರವಿಲ್ಲ. ಮೊನ್ನೆ ಮಂಡಿನೋವೆಂದು ಹೋದಾಗ ಹುಡುಗ ಡಾಕ್ಟರು ಎಕ್ಸ್‌ರೇ ನೋಡಿ, "ಹಳೇ ಫ್ರ್ಯಾಕ್ಚರ್, ಎಷ್ಟು ನೀಟಾಗಿ ಕೂಡಿದೆ ಕಣಮ್ಮ, ಯಾರು ಮಾಡಿದ್ದು?" ಎಂದ. ಒಬ್ಬ ತಾಯಿಗೆ ಮಗಳ ಮುಖ ಇನ್ನೂ ಕಾಣುವಂತಿದ್ದ ಕಡೆಯ ದಿನಗಳಲ್ಲಿ, ಆ ಮಗಳು ಇಲ್ಲಿ ಕೂತು ನನ್ನ ಕಾಲು ಅಳೆಯುತ್ತಿದ್ದಳು.