ಹದಿನಾರು ಪಟ್ಟು ವೇಗದಲ್ಲಿ ಆಂಟಿಯ ಗಂಡ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಡಿವಿಡಿ ಡ್ರೈವ್ ಇನ್ನೂ ಜೀವಂತ ಇದ್ದದ್ದು ನನ್ನ ಹತ್ತಿರ ಮಾತ್ರ. ಹಾಗಾಗಿ ಕೆಳಗಿನ ಮನೆಯ ಉಡುಪಿ ಆಂಟಿ ಒಂದು ಡಿಸ್ಕನ್ನು ಬಾಣಂತಿ ಮಗುವನ್ನು ತಂದಂತೆ ಸೆರಗಿನಲ್ಲಿ ಸುತ್ತಿ ತಂದರು. ತೀರಿಹೋದ ಗಂಡ ಹೋಟೆಲಿನ ಗಲ್ಲಾ ಬಿಟ್ಟೆದ್ದು ಒಂದೇ ಒಂದು ಸಲ ಯಕ್ಷಗಾನದಲ್ಲಿ ರಕ್ಕಸ ವೇಷ ಹಾಕಿದ್ದರಂತೆ. ಅದರ ವಿಡಿಯೊ ಇದ್ದದ್ದು ಅದೊಂದರಲ್ಲೇ.

"ಸಂಜೆ ಅವರ ಪುಣ್ಯತಿಥಿ ಮಗಾ, ನೆಂಟರೆಲ್ಲ ಬರ್ತಾರೆ. ಪೆನ್‌ಡ್ರೈವಿಗೆ ಹಾಕಿ ಕೊಡ್ತಿಯಾ? ನಿಧಾನ ಆದ್ರೂ ಅಡ್ಡಿಲ್ಲ."

ನಿಧಾನ! ಅದೂ ನನ್ನೆದುರು! ವಿಡಿಯೊ ಡಿಸ್ಕ್ ಹಾಕಿದರೆ ಎಮ್ಮೆಯಂತೆ ನಡೆಯಬೇಕು ಎಂದು ಡ್ರೈವ್ ತಯಾರಿಸಿದವರೇ ಅದರ ಫರ್ಮ್‌ವೇರಿನಲ್ಲಿ, ಅಂದರೆ ಒಳಗಿನ ಪ್ರೋಗ್ರಾಮಿನಲ್ಲೇ, ಕಟ್ಟಿಹಾಕಿರುತ್ತಾರೆ. ಯಾರೋ ತಿದ್ದಿದ ಫರ್ಮ್‌ವೇರ್ ತುಂಬಿಸಿ ನಾನು ಆ ಹಗ್ಗ ಬಿಚ್ಚಿದ್ದೆ. ಅರ್ಧ ಗಂಟೆಯ ಕಾಪಿ ಆರೇಳು ನಿಮಿಷಕ್ಕೆ. ನನ್ನ ಕೀರ್ತಿ ಪಕ್ಕದೂರು ಕಲ್ಯಾಣದವರೆಗೆ ಹಬ್ಬಿತ್ತು, ಹಬ್ಬಿಸಿದವನೂ ನಾನೇ.

ಲೋಕಲ್ ಟ್ರೇನ್ ಹಿಡಿದು ಕಳವಾ ಊರಿನಿಂದ ಬಂದಿದ್ದ ಗೆಳೆಯ ಡಿಸ್ಕನ್ನು ತಿರುಗಿಸಿ ನೋಡಿದ. ಆಂಟಿ ಅದರ ಒಂದು ಬದಿಗೆ ಗಂಡನ ಫೋಟೊ ಅಂಟಿಸಿ, ಪ್ರತಿ ಆಯುಧಪೂಜೆಗೂ ಗಂಧ ಹಚ್ಚಿದ್ದರು. ಪದರದ ಮೇಲೆ ಪದರ ಒಣಗಿ ಅಂಕಲ್ ಹಣೆಯಲ್ಲೊಂದು ಇಡ್ಲಿ ಬೆಳೆದಿತ್ತು.

"ಅರೇ ಯಾರ್, ಒಂದೇ ಸೈಡ್ ಭಾರ ಇದೆ, ಜೋರು ತಿರುಗಿದ್ರೆ ಒಡೆಯುತ್ತೆ. ಸ್ಲೋ ಚಲಾ ನಾ," ಎಂದ.

"ಹಟ್! ಬದುಕಿದ್ದಾಗ ಅಂಕಲ್ ಓಡಲೇ ಇಲ್ಲ. ಈಗಲಾದ್ರೂ ಓಡಲಿ!"

ಅವನು ಬಿದ್ದು ಬಿದ್ದು ನಕ್ಕ. ಆ ನಗುವಿಗಾಗಿಯೇ ಪೂರ್ತಿ ಹದಿನಾರು ಪಟ್ಟು ವೇಗ ಕೊಟ್ಟೆ. ಡ್ರೈವ್ ಕೂಗಿತು, ಟೇಬಲ್ ಕುಣಿಯಿತು, ಸ್ಲೋ ಲೋಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ಟ್ರೇನ್ ಹೋದ ಹಾಗೆ. ಕಾಪಿ ನಲವತ್ತು ಪರ್ಸೆಂಟಿಗೆ ಬಂದಾಗ ಫಟ್! ಸ್ಕ್ರೂ ಬಿಚ್ಚಿ ನೋಡಿದರೆ ಅಂಕಲ್ ಹನ್ನೊಂದು ತುಂಡು. ಮೀಸೆ ಮಾತ್ರ ಬೇರೆಯಾಗಿ, ನೀಟಾಗಿ ಬಿದ್ದಿತ್ತು.

ಸಂಜೆ ಆಂಟಿಗೆ ಏನೂ ಹೇಳದೆ, ಅಷ್ಟರವರೆಗೆ ಕಾಪಿಯಾಗಿದ್ದ ಪೆನ್‌ಡ್ರೈವನ್ನು ಅವರ ಟಿವಿಗೆ ಚುಚ್ಚಿದೆ. ಭಾಗವತರು ಹಾಡಿದರು, ಚೆಂಡೆಗೆ ಪೆಟ್ಟು ಬಿತ್ತು. ಇಬ್ಬರು ತೆರೆ ಹಿಡಿದು ನಿಂತರು. ಅದರ ಕೆಳಗೆ ಗೆಜ್ಜೆ ಕಟ್ಟಿದ ಎರಡು ಕಾಲು.

"ಇವರೇ! ಈಗ ತೆರೆ ಸರಿಸ್ತಾರೆ, ನೋಡಿ ನೋಡಿ!" ಆಂಟಿ ಎದ್ದು ನಿಂತರು.

ಚಿತ್ರ ಅಲ್ಲಿಗೇ ನಿಂತಿತು.

"ಮುಂದಿನದ್ದು ಹಾಕು ಮಗಾ."

"ಮುಂದಿನದ್ದು ಇಲ್ಲ ಆಂಟಿ. ಡಿಸ್ಕ್ ಒಡೆದುಹೋಯ್ತು."

ಬಯ್ಯಬಹುದಿತ್ತು, ಅಳಬಹುದಿತ್ತು. ಆಂಟಿ ಕುರ್ಚಿ ಎಳೆದು ಟಿವಿಯ ಮುಂದೆ ಕೂತರು.

"ಹಾಗಾದ್ರೆ ಕಾಲೇ ಇನ್ನೊಮ್ಮೆ ಹಾಕು."

ನೆಂಟರು ಊಟಕ್ಕೆ ಏಳುವವರೆಗೆ ಅದನ್ನೇ ಹಾಕಿಸಿದರು. ರಿಮೋಟನ್ನು ನನ್ನ ಕೈಯಿಂದ ಯಾರೂ ತೆಗೆದುಕೊಳ್ಳಲಿಲ್ಲ.